ಕೋವಿ ಇದ್ದವರ ಅಹಿಂಸೆ

ಓದುಗರ ಪತ್ರ: "ಮಾನ್ಯ ಸಂಪಾದಕರೇ, ಗಾಂಧೀಜಿ ಕೊಡಗಿಗೆ ಬಂದು ಹೋದದ್ದನ್ನು ಕಳೆದ ಸಂಚಿಕೆಯಲ್ಲಿ ದೊಡ್ಡದಾಗಿ ಬರೆದಿದ್ದೀರಿ. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ನೇಣಿಗೇರಿಸಿದ ನೆಲ ಇದು. ಇಲ್ಲಿ ನಿಂತು, ಚರಕ ತಿರುಗಿಸಿ ಉಪವಾಸ ಕೂತದ್ದಕ್ಕೆ ಬ್ರಿಟಿಷರು ಓಡಿದರು ಎಂದರೆ ನಂಬುವುದು ಹೇಗೆ? ಓಡಿಸಿದ್ದು ನೇತಾಜಿ ಮತ್ತು 1946ರ ನೌಕಾಪಡೆಯ ದಂಗೆ. ನಮ್ಮದು ವೀರರ ನಾಡು. ಅಹಿಂಸೆ ಕೈಲಾಗದವರ ದಾರಿ. — ಒಬ್ಬ ನಿವೃತ್ತ ಸುಬೇದಾರ್, ಪೊನ್ನಂಪೇಟೆ."

ಸಂಪಾದಕರ ಉತ್ತರ:

ಸುಬೇದಾರರೇ, ಪತ್ರ ಸಿಟ್ಟಿನಲ್ಲಿ ಬರೆದದ್ದಾದರೂ ಅಕ್ಷರ ಒಂದೂ ಸಾಲು ತಪ್ಪಿಲ್ಲ. ಇಷ್ಟು ಅಚ್ಚುಕಟ್ಟಾಗಿ ಜಗಳಕ್ಕೆ ಬರುವ ಓದುಗರು ಈಗ ಕಡಿಮೆ. ಅದಕ್ಕೇ ನಿಮ್ಮ ಪತ್ರವನ್ನೇ ಎತ್ತಿಕೊಂಡೆ.

ಅಪ್ಪಯ್ಯ ಗೌಡರಿಗೆ ತಲೆಬಾಗದ ಕೊಡಗಿನವರು ಯಾರಿದ್ದಾರೆ? 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊಡಗಿನ ರಾಜ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿತು. ಸುಳ್ಯದ ಕಡೆಯ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಬೆಳೆಯಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಎಣಿಸಿ ಎಂದಿತು. 1837ರಲ್ಲಿ ರೈತರು ಎದ್ದರು. ಮಂಗಳೂರಿನವರೆಗೂ ಹೋಗಿ ಬಾವುಟಗುಡ್ಡದಲ್ಲಿ ತಮ್ಮ ಬಾವುಟ ಏರಿಸಿದರು. ಅದೇ ವರ್ಷ ಅಕ್ಟೋಬರ್ 31ರಂದು ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯ ಮುಂದೆ ನೇಣಿಗೆ ಹಾಕಿದರು. ನಮ್ಮ ಮಕ್ಕಳಿಗೆ ಇದು ಗೊತ್ತಿರಲೇಬೇಕು. ಇಲ್ಲಿಯವರೆಗೆ ನಾವಿಬ್ಬರೂ ಒಂದೇ.

ಇದರ ಮುಂದಿನ ಭಾಗ ನಿಮ್ಮ ಪತ್ರದಲ್ಲಿ ಇಲ್ಲ. ಆ ದಂಗೆ ಅಡಗಿಸಲು ಕಂಪನಿಗೆ ನೆರವಾದವರಲ್ಲಿ ಕೊಡಗಿನವರೇ ಇದ್ದರು. ಅವರಿಗೆ ಚಿನ್ನದ, ಬೆಳ್ಳಿಯ ಪದಕ ಸಿಕ್ಕಿತು. 1857ರ ದಂಗೆ ಕಳೆದ ಮೇಲೆ ದೇಶದ ಉದ್ದಗಲಕ್ಕೂ ಜನರ ಆಯುಧ ಕಿತ್ತುಕೊಂಡ ಸರಕಾರ, 1861ರಲ್ಲಿ ಕೊಡಗಿನವರಿಗೆ ವಿನಾಯಿತಿ ಕೊಟ್ಟಿತು. ಆಗ ಕಮಿಷನರ್ ಆಗಿದ್ದವರು ಮಾರ್ಕ್ ಕಬ್ಬನ್. ಕೊಟ್ಟ ಕಾರಣ ನಿಷ್ಠೆ. ಇವತ್ತಿಗೂ ಕೊಡವರು ಮತ್ತು ಜಮ್ಮಾ (ಹಳೆಯ ವಂಶಪಾರಂಪರ್ಯ ಜಮೀನು) ಹಿಡುವಳಿದಾರರು ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುತ್ತಿರುವುದು ಆ ವಿನಾಯಿತಿಯ ಮುಂದುವರಿಕೆ.

ಸ್ವಲ್ಪ ಯೋಚನೆ ಮಾಡಿ. ನಮ್ಮ ಕೋವಿ ನೋಡಿ ಬ್ರಿಟಿಷರು ಹೆದರಲಿಲ್ಲ, ಬಹುಮಾನ ಅಂತ ನಮ್ಮ ಕೈಯಲ್ಲೇ ಬಿಟ್ಟರು. 1930ರಲ್ಲಿ ಸಮುದ್ರದ ದಡದಿಂದ ಒಂದು ಹಿಡಿ ಉಪ್ಪು ಎತ್ತಿದವನನ್ನು ಮಾತ್ರ ಜೈಲಿಗೆ ಹಾಕಿದರು. ಯಾವುದಕ್ಕೆ ಹೆದರಿದರು ಅಂತ ನೀವೇ ಹೇಳಿ.

"ಕೈಲಾಗದವರ ದಾರಿ" ಎಂಬ ಮಾತು ನನಗೆ ತುಂಬಾ ನೋವು ಕೊಟ್ಟಿತು. ಬೇರೆ ಊರಿನವರು ಹೇಳಿದ್ದರೆ ಸುಮ್ಮನಿರುತ್ತಿದ್ದೆ. ಕೊಡಗಿನಲ್ಲಿ ಅದನ್ನು ಹೇಳುವ ಹಾಗೇ ಇಲ್ಲ. ನನ್ನ ಬಾಲ್ಯದಲ್ಲಿ ನಮ್ಮ ತೋಟದ ಆಚೆ ಮನೆಯಲ್ಲಿ ಒಬ್ಬರು ಅಜ್ಜ ಇದ್ದರು. ಎರಡು ಸಲ ಕಣ್ಣೂರು ಜೈಲಿಗೆ ಹೋಗಿ ಬಂದವರು. ಕೈಲ್‌ಪೊಳ್ದ್ ಎಂಬ ನಮ್ಮ ಆಯುಧ ಪೂಜೆಯ ಹಬ್ಬದ ದಿನ ಅವರ ಮನೆಗೆ ಹೋದರೆ ಒಳಗಿನ ಮೂಲೆಯಲ್ಲಿ ಕೋವಿಗಳನ್ನು ಸಾಲಾಗಿ ಒರಗಿಸಿರುತ್ತಿದ್ದರು. ನಳಿಗೆಯ ತುದಿಗೆ ಕೆಂಪು ಹಳದಿ ಬಣ್ಣದ ತೋಕ್ ಪೂ ಎಂಬ ಹೂವು. ಎಣ್ಣೆ ಹಾಕಿ ಒರೆಸಿದ ಮರದ ಹಿಡಿ ಮಿರಮಿರ ಹೊಳೆಯುತ್ತಿತ್ತು. ಪೂಜೆ ಆಗಿ, ಕಡಂಬುಟ್ಟು ಪಂದಿಕರಿ ಊಟ ಮುಗಿದ ಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಕಣ್ಣು ಮಂಜಾದ ವಯಸ್ಸಲ್ಲೂ ಅಜ್ಜನ ಗುರಿ ತಪ್ಪುತ್ತಿರಲಿಲ್ಲ. ಒಂದು ಸಲ ನಾನು ಕೇಳಿಯೇಬಿಟ್ಟೆ. "ಅಜ್ಜ, ಮನೇಲಿ ಇಷ್ಟು ಕೋವಿ ಇತ್ತಲ್ಲ, ಯಾಕೆ ಬಿಟ್ಟು ಹೋದಿರಿ?" ಅಜ್ಜ ಹೇಳಿದರು: "ಕೋವಿ ಹಿಡಿದು ಹೊರಟಿದ್ರೆ ನಾನೂ ನನ್ನ ತಮ್ಮನೂ ಹೋಗ್ತಿದ್ವಿ, ಅಷ್ಟೇ. ಬರಿಗೈಲಿ ಹೊರಟದ್ದಕ್ಕೆ ನಿನ್ನ ಅಜ್ಜಿ ಕೂಡ ಜೊತೆಗೆ ಬಂದ್ಲು."

ಮುಂದೆ ಇದೇ ವಿಷಯದ ಮೇಲೆ ಎಷ್ಟೋ ಓದಿದೆ. ಇಬ್ಬರು ಅಮೆರಿಕನ್ ವಿದ್ವಾಂಸರು 1900ರಿಂದ 2006ರವರೆಗೆ ಜಗತ್ತಿನಲ್ಲಿ ನಡೆದ 323 ಹೋರಾಟಗಳನ್ನು ಲೆಕ್ಕ ಹಾಕಿದ್ದಾರೆ. ಆಯುಧ ಎತ್ತಿದವರಲ್ಲಿ ಗೆದ್ದವರು ಶೇಕಡಾ 26, ಎತ್ತದವರಲ್ಲಿ ಶೇಕಡಾ 53. ಅವರು ಕೊಡುವ ದೊಡ್ಡ ಕಾರಣ ಏನು ಗೊತ್ತೇ? ಬರಿಗೈ ಹೋರಾಟಕ್ಕೆ ಹೆಂಗಸರು, ಮುದುಕರು, ಅಂಗಡಿಯವರು, ಮೇಷ್ಟ್ರು ಎಲ್ಲರೂ ಬರಬಹುದು. ಅಜ್ಜ ಹೇಳಿದ್ದೂ ಅದನ್ನೇ ಅಲ್ವಾ?

ನೀವು ಸೈನಿಕರು. ನಿಮಗೆ ಪೇಶಾವರದ ಕಥೆ ಗೊತ್ತಿರಲೇಬೇಕು, ಆದರೂ ಹೇಳುತ್ತೇನೆ. 1930ರ ಏಪ್ರಿಲ್ 23. ಕಿಸ್ಸಾ ಖ್ವಾನಿ ಬಜಾರಿನಲ್ಲಿ ಪಠಾಣರು ಸೇರಿದ್ದರು. ಪಠಾಣರೆಂದರೆ ನಮ್ಮವರ ಹಾಗೆಯೇ, ಮನೆಮನೆಯಲ್ಲೂ ಬಂದೂಕು, ಮಾತಿಗೆ ಮೊದಲು ಮಾನ. ಅವರಿಗೆ ಖಾನ್ ಅಬ್ದುಲ್ ಗಫಾರ್ ಖಾನ್ ಅಹಿಂಸೆಯ ಪ್ರತಿಜ್ಞೆ ಮಾಡಿಸಿದ್ದರು. ಗುಂಡು ಹಾರಿತು, ಜನ ಸತ್ತರು. ಅದೇ ದಿನ ಗಢವಾಲ್ ರೈಫಲ್ಸ್‌ನ ಒಂದು ತುಕಡಿಗೆ ಗುಂಡು ಹಾರಿಸಲು ಆಜ್ಞೆಯಾಯಿತು. ಹವಾಲ್ದಾರ್ ಚಂದ್ರಸಿಂಗ್ ಗಢವಾಲಿ ಮತ್ತು ಅವರ ಜವಾನರು ಆಗಲ್ಲ ಎಂದರು. ಎದುರಿಗಿದ್ದವರು ಅವರ ಜಾತಿಯವರಲ್ಲ, ಧರ್ಮದವರಲ್ಲ, ಭಾಷೆಯವರಲ್ಲ. ಗಢವಾಲಿಯವರಿಗೆ ಜೀವಾವಧಿ ಶಿಕ್ಷೆಯಾಯಿತು. ಆಜ್ಞೆ ಮೀರುವುದು ಎಂದರೆ ಏನು ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಆ ಜನರ ಕೈಯಲ್ಲಿ ಬಂದೂಕು ಇದ್ದಿದ್ದರೆ ಆ ಜವಾನರು ಕೋವಿ ಇಳಿಸುತ್ತಿದ್ದರೇ? ಇಲ್ಲ. ಅವತ್ತು ದಿಲ್ಲಿಯಲ್ಲಿ ಕೂತ ಸರಕಾರಕ್ಕೆ ನಡುಕ ಹುಟ್ಟಿದ್ದು ಇದಕ್ಕೇ. ತನ್ನದೇ ಸೈನ್ಯ ಯಾರ ಕಡೆ ಎಂಬುದು ಗೊತ್ತಾಗದೆ ಹೋಯಿತು.

ಒಂದು ತಿಂಗಳ ನಂತರ ಗುಜರಾತಿನ ಧಾರಾಸಣ. ಉಪ್ಪಿನ ಅಗರದ ಕಡೆ ಸತ್ಯಾಗ್ರಹಿಗಳು ಸಾಲಾಗಿ ನಡೆದರು. ಪೊಲೀಸರು ಲಾಠಿಯಿಂದ ತಲೆಗೇ ಹೊಡೆದರು. ಹೊಡೆತ ತಪ್ಪಿಸಿಕೊಳ್ಳಲು ಯಾರೂ ಕೈ ಕೂಡ ಎತ್ತಲಿಲ್ಲ. ಬಿದ್ದವರನ್ನು ಎತ್ತಿಕೊಂಡು ಹೋದ ಮೇಲೆ ಇನ್ನೊಂದು ಸಾಲು ಬಂತು. ಅಮೆರಿಕದ ವರದಿಗಾರ ವೆಬ್ ಮಿಲ್ಲರ್ ಅಲ್ಲೇ ನಿಂತು ನೋಡಿದ್ದ, ಆಸ್ಪತ್ರೆಗೆ ಹೋಗಿ ಗಾಯಾಳುಗಳನ್ನು ಎಣಿಸಿದ್ದ. ಅವನ ಲೆಕ್ಕದಲ್ಲಿ 320 ಜನ ಗಾಯಗೊಂಡಿದ್ದರು, ಇಬ್ಬರು ಸತ್ತಿದ್ದರು. ಇದು ಕೈಲಾಗದವರ ಕೆಲಸ ಎನ್ನುತ್ತೀರಾ? ಹೇಡಿತನವೋ ಹಿಂಸೆಯೋ ಎಂದರೆ ಹಿಂಸೆಯನ್ನೇ ಆರಿಸಿಕೊಳ್ಳಿ ಎಂದು ಗಾಂಧಿ 1920ರಲ್ಲೇ ಬರೆದಿದ್ದರು.

ನಮ್ಮ ಜಿಲ್ಲೆಗೇ ಬರೋಣ. 1934ರ ಫೆಬ್ರವರಿಯಲ್ಲಿ ಗಾಂಧೀಜಿ ಹರಿಜನ ನಿಧಿಗಾಗಿ ಇಲ್ಲಿ ಸುತ್ತಿದರು. ಸುಂಟಿಕೊಪ್ಪದ ಹತ್ತಿರ ಗುಂಡುಕುಟ್ಟಿ ತೋಟದಲ್ಲಿ ಕತೆಗಾರ್ತಿ ಗೌರಮ್ಮ ಇದ್ದರು. ಗಂಡ ಅದೇ ತೋಟದಲ್ಲಿ ಕೆಲಸಕ್ಕಿದ್ದರು. ಗೌರಮ್ಮನಿಗೆ ಇನ್ನೂ 22 ತುಂಬಿರಲಿಲ್ಲ. ಬಾಪೂ ನಮ್ಮ ಮನೆಗೂ ಬರಬೇಕು ಎಂದರು. ಆಗುವುದಿಲ್ಲ ಎಂದಾಯಿತು. ಆ ಹುಡುಗಿ ಅತ್ತು ಕರೆದು ಮಾಡಲಿಲ್ಲ, ಶಿಫಾರಸು ಹಿಡಿಯಲಿಲ್ಲ. ಊಟ ಬಿಟ್ಟು ಕೂತರು. ಗಾಂಧಿಯ ಆಯುಧವನ್ನು ಗಾಂಧಿಯ ಮೇಲೇ ಹೂಡಿದರು! ಸುದ್ದಿ ತಿಳಿದು ಗಾಂಧೀಜಿ ಅವರ ಮನೆಗೆ ಬಂದರು. ಗೌರಮ್ಮ ಮೈಮೇಲಿನ ಒಡವೆ ಬಿಚ್ಚಿ ಹರಿಜನ ನಿಧಿಗೆ ಕೊಟ್ಟರು. ಐದು ವರ್ಷಕ್ಕೆ ಅವರು ನೀರಿನಲ್ಲಿ ಮುಳುಗಿ ತೀರಿಕೊಂಡರು. ಇಷ್ಟು ಸಣ್ಣ ಬಾಳಿನಲ್ಲಿ ಆ ಹೆಣ್ಣುಮಗಳು ತೋರಿಸಿದ ಹಟ ಇದೆಯಲ್ಲ, ಅದನ್ನು ನೆನೆದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ವೀರರ ನಾಡು ಎಂದಿರಲ್ಲ, ಈ ಹೆಸರು ನಿಮ್ಮ ಪಟ್ಟಿಯಲ್ಲಿ ಉಂಟಾ?

ಪಂದ್ಯಂಡ ಬೆಳ್ಯಪ್ಪನವರನ್ನು ಕೊಡಗಿನ ಗಾಂಧಿ ಎನ್ನುತ್ತಿದ್ದರು. ಪತ್ರಿಕೆ ನಡೆಸಿದರು, ಮತ್ತೆ ಮತ್ತೆ ಜೈಲು ಸೇರಿದರು. ಸಿ.ಎಂ. ಪೂಣಚ್ಚನವರೂ ಹಾಗೆಯೇ ಜೈಲು ಕಂಡವರು, ಮುಂದೆ 1952ರಿಂದ 1956ರವರೆಗೆ ಕೊಡಗು ರಾಜ್ಯದ ಮುಖ್ಯಮಂತ್ರಿ. ಇವರ ಮನೆಗಳಲ್ಲಿ ಕೋವಿಗೆ ಬರ ಇರಲಿಲ್ಲ.

ನಮ್ಮ ಕಾರ್ಯಪ್ಪನವರನ್ನೇ ತೆಗೆದುಕೊಳ್ಳಿ. ಅಹಿಂಸೆಯಿಂದ ದೇಶ ಕಾಯಲಾಗದು ಎಂದು ಅವರು 1947ರಲ್ಲಿ ಇಂಗ್ಲೆಂಡಿನಲ್ಲಿ ಹೇಳಿದ್ದರು. ಗಾಂಧಿ ತಮ್ಮ ಪತ್ರಿಕೆಯಲ್ಲೇ ಅದನ್ನು ಟೀಕಿಸಿದರು. ಕಾರ್ಯಪ್ಪ ಸಿಟ್ಟು ಮಾಡಿಕೊಳ್ಳಲಿಲ್ಲ. ದಿಲ್ಲಿಗೆ ಬಂದವರೇ ಗಾಂಧಿಯನ್ನು ಕಂಡು, ಜವಾನರ ಕೆಚ್ಚು ಕುಗ್ಗದ ಹಾಗೆ ಅವರಿಗೆ ಅಹಿಂಸೆ ಕಲಿಸುವುದು ಹೇಗೆ ಎಂದು ಕೇಳಿದರು. ಗಾಂಧಿ ಉಪದೇಶ ಕೊಡಲಿಲ್ಲ. ಉತ್ತರಕ್ಕಾಗಿ ತಾವೂ ಕತ್ತಲಲ್ಲಿ ತಡಕಾಡುತ್ತಿರುವುದಾಗಿ ಹೇಳಿದರು. ಸೇನಾನಿಯೊಬ್ಬರಿಗೆ ಈ ಪ್ರಶ್ನೆ ಮುಖ್ಯ ಅನಿಸಿತ್ತು ಎಂಬುದನ್ನು ಗಮನಿಸಿ.

ನೇತಾಜಿ ಬಗ್ಗೆ ಎರಡೇ ಮಾತು. ಗಾಂಧಿಯನ್ನು 1944ರ ಜುಲೈ 6ರಂದು ರೇಡಿಯೋದಲ್ಲಿ ರಾಷ್ಟ್ರಪಿತ ಎಂದು ಕರೆದವರು ನೇತಾಜಿ. ಅವರ ಸೈನ್ಯದಲ್ಲಿ ಗಾಂಧಿ ಬ್ರಿಗೇಡ್ ಇತ್ತು. 1946ರಲ್ಲಿ ಮುಂಬಯಿಯ ನಾವಿಕರು ದಂಗೆ ಎದ್ದಾಗ ಹಡಗಿನ ಮೇಲೆ ಏರಿಸಿದ ಬಾವುಟಗಳಲ್ಲಿ ಕಾಂಗ್ರೆಸ್ಸಿನದೂ ಇತ್ತು. ಆ ದಂಗೆ ಬ್ರಿಟಿಷರನ್ನು ಅಲುಗಾಡಿಸಿತು, ಒಪ್ಪಿದೆ. ಆದರೆ ಕಾಲು ಶತಮಾನ ಜನ ಜೈಲು ತುಂಬಿಸಿ, ಸರಕಾರದ ಭಯವನ್ನು ಹಳ್ಳಿಹಳ್ಳಿಯಲ್ಲಿ ಕಳೆದಿರದಿದ್ದರೆ ಆ ನಾವಿಕರಿಗೆ ಆ ಧೈರ್ಯ ಎಲ್ಲಿಂದ ಬರಬೇಕಿತ್ತು?

ನನ್ನ ಸಿಟ್ಟು ನಿಮ್ಮ ಮೇಲೆ ಅಲ್ಲ. ನೀವು ಕನಿಷ್ಠ ಪೆನ್ನು ಹಿಡಿದು ಬರೆದಿರಿ. ಉಳಿದವರು ಮೊಬೈಲಿಗೆ ಬಂದದ್ದನ್ನು ಓದದೆಯೇ ಹತ್ತು ಜನಕ್ಕೆ ಕಳಿಸುತ್ತಾರೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಹುಡುಗರಿಗೆ ಮರದ ಕೋವಿ ಕೊಟ್ಟು ನಿಲ್ಲಿಸಿದರೆ ಚಪ್ಪಾಳೆ ಜಾಸ್ತಿ. ಗೌರಮ್ಮನ ಪಾತ್ರ ಮಾಡಿಸಿ ಅಂದರೆ ಮೇಷ್ಟ್ರಿಗೇ ಆ ಹೆಸರು ಗೊತ್ತಿರುವುದಿಲ್ಲ. ಮಡಿಕೇರಿಯ ಗಾಂಧಿ ಮೈದಾನ ದಸರಾ ಸ್ಟೇಜಿಗೆ ಮಾತ್ರ ಅಂದುಕೊಂಡವರೇ ಹೆಚ್ಚು. ಗಾಂಧೀಜಿಯ ಚಿತಾಭಸ್ಮ ಮಡಿಕೇರಿಯ ಖಜಾನೆಯಲ್ಲಿದೆ, ಪ್ರತಿ ಜನವರಿ 30ರಂದು ಅದನ್ನು ಮೆರವಣಿಗೆಯಲ್ಲಿ ತರುತ್ತಾರೆ ಎಂದರೆ ಇಲ್ಲೇ ಹುಟ್ಟಿ ಬೆಳೆದವರು "ಹೌದಾ?" ಎನ್ನುತ್ತಾರೆ. ಹಳೆ ಮನೆ ಕೆಡವಿ ಹೋಂಸ್ಟೇ ಕಟ್ಟುವಾಗ ಅಟ್ಟದ ಮೇಲಿದ್ದ ಚರಕ, ಜೈಲಿನಿಂದ ಬರೆದ ಕಾಗದ ಎಲ್ಲ ಗುಜರಿಗೆ ಹೋಗುತ್ತಿದೆ. ಕೋವಿಯನ್ನು ಮಾತ್ರ ಗಾಜಿನ ಪೆಟ್ಟಿಗೆಯಲ್ಲಿಟ್ಟು ಪ್ರವಾಸಿಗಳಿಗೆ ತೋರಿಸುತ್ತೇವೆ.

ಮುಂದಿನ ಸಂಚಿಕೆಯಲ್ಲಿ ನಿಮ್ಮ ಮರು ಉತ್ತರಕ್ಕೆ ಒಂದು ಪುಟ ಖಾಲಿ ಇಟ್ಟಿದ್ದೇನೆ, ಒಂದು ಪದವನ್ನೂ ಕತ್ತರಿಸುವುದಿಲ್ಲ. ಹಾಗೆಯೇ ಎಲ್ಲ ಓದುಗರಲ್ಲಿ ಕೇಳುತ್ತೇನೆ. ನಿಮ್ಮ ಮನೆಯಲ್ಲಿ ಸತ್ಯಾಗ್ರಹಕ್ಕೆ ಹೋದವರು ಇದ್ದರೆ ಅವರ ಫೋಟೋ, ಕಾಗದ, ಜೈಲಿನ ಚೀಟಿ ಏನಿದ್ದರೂ ಕಚೇರಿಗೆ ತನ್ನಿ. ಜೆರಾಕ್ಸ್ ಮಾಡಿಕೊಂಡು ಅಸಲು ಪ್ರತಿಯನ್ನು ನಿಮ್ಮ ಕೈಗೇ ಕೊಡುತ್ತೇವೆ. ಹೆಂಗಸರ ಹೆಸರನ್ನು ಮರೆಯದೆ ಬರೆಯಿರಿ, ಅವರ ವಿಷಯವೇ ನಮ್ಮಲ್ಲಿ ತೀರಾ ಕಡಿಮೆ ಇದೆ.