ಲಾಕ್ ಹಿಡಿಯದೆ ಪೇಜ್ ಟೇಬಲ್ ಓದಬಹುದೇ?

ಪ್ರಶ್ನೆ: ನಮಸ್ಕಾರ ಮೇಡಂ. ಊರು ಧಾರವಾಡ, ಈಗ ಪುಣೆಯ ಹಿಂಜೆವಾಡಿಯಲ್ಲಿ ಕೆಲಸ. ನಮ್ಮದೊಂದು ಲಿನಕ್ಸ್ ಕರ್ನಲ್ ಮಾಡ್ಯೂಲ್ ಇದೆ. ಟೈಮರ್ ಬಂದಾಗಲೆಲ್ಲ, ಆ ಹೊತ್ತಿಗೆ ಓಡುತ್ತಿರುವ ಪ್ರೊಸೆಸ್‌ನ ಒಂದು ವಿಳಾಸ ತಗೊಂಡು, ಅಲ್ಲಿರುವುದು 4 ಕೆಬಿ ಪೇಜಾ ಅಥವಾ 2 ಎಂಬಿ ಹ್ಯೂಜ್ ಪೇಜಾ ಅಂತ ಪೇಜ್ ಟೇಬಲ್‌ನಲ್ಲಿ (ಯಾವ ವಿಳಾಸ ಮೆಮೊರಿಯ ಯಾವ ಪೇಜ್‌ಗೆ ಸೇರುತ್ತದೆ ಅನ್ನುವ ಪಟ್ಟಿಯಲ್ಲಿ) ನೋಡುತ್ತದೆ. ಟೈಮರ್ ಒಳಗೆ ನಿದ್ದೆ ಹೋಗುವಂತಿಲ್ಲ, ಹಾಗಾಗಿ ಎಂಮ್ಯಾಪ್ ಲಾಕ್ (ಪ್ರೊಸೆಸ್‌ನ ಮೆಮೊರಿ ನಕ್ಷೆ ಕಾಯುವ ಲಾಕ್) ಹಿಡಿಯಲಾಗದು. ಆರ್‌ಸಿಯು (ಓದುತ್ತಿರುವವರೆಲ್ಲ ಮುಗಿಸಿದ ಮೇಲಷ್ಟೇ ಹಳೆಯದನ್ನು ಬಿಡುವ ವ್ಯವಸ್ಥೆ) ರೀಡ್ ಲಾಕ್ ಹಾಕಿ ಓದುತ್ತಿದ್ದೆ. ಲೋಡ್ ಜಾಸ್ತಿಯಾದಾಗ ಕೆಲವೊಮ್ಮೆ ಅಸಂಬದ್ಧ ಉತ್ತರ, ಒಮ್ಮೊಮ್ಮೆ ಊಪ್ಸ್ (ಕರ್ನಲ್ ಎಡವಿದಾಗ ಬರುವ ದೋಷ ವರದಿ). ಸೀನಿಯರ್ ಒಬ್ಬರು "ಇಂಟರಪ್ಟ್ ಆಫ್ ಮಾಡಿ ನೋಡು" ಅಂದರು. ಊಪ್ಸ್ ನಿಂತಿತು. ಯಾಕೆ ಅಂತ ಅವರಿಗೂ ಗೊತ್ತಿಲ್ಲ. ಇಂಟರಪ್ಟ್‌ಗೂ ಪೇಜ್ ಟೇಬಲ್‌ಗೂ ಏನು ಸಂಬಂಧ?

ಉತ್ತರ: ಸೀನಿಯರ್ ಹೇಳಿದ್ದು ಸರಿ. ಆದರೆ ಕಾರಣ ಬರೆದಿಡದ ಆ ಒಂದು ಸಾಲನ್ನು ನಾಳೆ ಯಾರೋ "ಸುಮ್ನೆ ಯಾಕಿದು" ಅಂತ ಅಳಿಸಿಬಿಡುತ್ತಾರೆ. ಹಾಗಾಗಿ ಸ್ವಲ್ಪ ಬಿಡಿಸಿ ನೋಡೋಣ.

ಲಾಕ್ ಇಲ್ಲದೆ ಓದುವಾಗ ಎರಡು ಬೇರೆ ಬೇರೆ ಅಪಾಯ ಇರುತ್ತವೆ. ಟೇಬಲ್ ಒಳಗಿನ ಎಂಟ್ರಿ ಬದಲಾಗಬಹುದು. ಅಥವಾ ಟೇಬಲ್ಲೇ ಇಲ್ಲವಾಗಬಹುದು. ಗಿರ್‌ಗಾಂವ್‌ನ ಹಳೇ ಚಾಳ್‌ಗೆ ಯಾರನ್ನೋ ಹುಡುಕಿಕೊಂಡು ಹೋದಾಗ ಬಾಗಿಲ ಮೇಲೆ ಬೇರೆ ಹೆಸರಿದ್ದರೆ ಇಳಿದು ಬರಬಹುದು. ನೀವು ಮೂರನೇ ಮಹಡಿಯಲ್ಲಿರುವಾಗ ಬಿಲ್ಡರ್ ಚಾಳನ್ನೇ ಕೆಡವಲು ಶುರು ಮಾಡಿದರೆ? ಇಂಟರಪ್ಟ್ ಆಫ್ ಮಾಡುವುದು ಈ ಕೆಡವುವಿಕೆಯನ್ನು ತಡೆಯುತ್ತದೆ, ಅಷ್ಟೇ. ಎಂಟ್ರಿ ಬದಲಾಗುವುದನ್ನು ತಡೆಯುವುದಿಲ್ಲ. ಆಫ್ ಆಗುವುದು ನಿಮ್ಮ ಸಿಪಿಯುನ ಇಂಟರಪ್ಟ್ ಮಾತ್ರ. ಉಳಿದ ಸಿಪಿಯುಗಳು ತಮ್ಮ ಪಾಡಿಗೆ ಟೇಬಲ್ ತಿದ್ದುತ್ತಲೇ ಇರುತ್ತವೆ.

ಕೆಡವುವುದನ್ನು ಅದು ತಡೆಯುವುದು ಹೇಗೆ? ಎಕ್ಸ್86ರಲ್ಲಿ 48 ಬಿಟ್‌ನ ವಿಳಾಸ ನಾಲ್ಕು ಹಂತಗಳಲ್ಲಿ ಒಡೆಯುತ್ತದೆ: ಹಂತಕ್ಕೆ 9 ಬಿಟ್, ಕೊನೆಗೆ ಪೇಜ್ ಒಳಗಿನ 12 ಬಿಟ್. ಪ್ರತಿ ಟೇಬಲ್‌ನಲ್ಲಿ 8 ಬೈಟ್‌ನ 512 ಎಂಟ್ರಿ, ಅಂದರೆ ಟೇಬಲ್ಲೂ ಒಂದು 4 ಕೆಬಿ ಪೇಜೇ. ಕೆಲಸ ಮುಗಿದ ಮೇಲೆ ಕರ್ನಲ್ ಅದನ್ನು ವಾಪಸ್ ತಗೊಂಡು ಬೇರೆಯವರಿಗೆ ಕೊಡುತ್ತದೆ. ಕೊಡುವ ಮೊದಲು ಬೇರೆ ಸಿಪಿಯುಗಳ ಟಿಎಲ್‌ಬಿಯಲ್ಲಿ (ಇತ್ತೀಚೆಗೆ ನೋಡಿದ ಎಂಟ್ರಿಗಳನ್ನು ನೆನಪಿಡುವ ಕ್ಯಾಶ್‌ನಲ್ಲಿ) ಉಳಿದ ಹಳೇ ನಕಲುಗಳನ್ನು ಅಳಿಸಬೇಕು. ಎಕ್ಸ್86ರಲ್ಲಿ ಇದಕ್ಕೆ ಹಳೆಯ ದಾರಿ ಐಪಿಐ, ಅಂದರೆ ಒಂದು ಸಿಪಿಯು ಇನ್ನೊಂದಕ್ಕೆ ಕಳಿಸುವ ಇಂಟರಪ್ಟ್. ಎಲ್ಲರೂ "ಆಯ್ತು" ಅನ್ನುವವರೆಗೆ ಕಳಿಸಿದವನು ಕಾಯುತ್ತಾನೆ. ನಿಮ್ಮ ಸಿಪಿಯುನಲ್ಲಿ ಇಂಟರಪ್ಟ್ ಆಫ್ ಇದ್ದರೆ "ಆಯ್ತು" ಹೋಗುವುದೇ ಇಲ್ಲ. ನೀವು ಓದಿ ಮುಗಿಸುವ ತನಕ ಟೇಬಲ್ ಉಳಿಯಿತು. 2008ರಲ್ಲಿ ನಿಕ್ ಪಿಗಿನ್ ಬರೆದ 'ಗೆಟ್ ಯೂಸರ್ ಪೇಜಸ್ ಫಾಸ್ಟ್' (ಲಾಕ್ ಇಲ್ಲದೆ ಪ್ರೊಸೆಸ್‌ನ ಪೇಜ್ ಹಿಡಿಯುವ ಕರ್ನಲ್ ಫಂಕ್ಷನ್) ನಿಂತಿರುವುದು ಇದರ ಮೇಲೆಯೇ.

ಆರ್ಮ್‌ನಲ್ಲಿ ಟಿಎಲ್‌ಬಿ ಅಳಿಸುವ ಆಜ್ಞೆಯನ್ನು ಹಾರ್ಡ್‌ವೇರೇ ಎಲ್ಲರಿಗೂ ಮುಟ್ಟಿಸುತ್ತದೆ. ಐಪಿಐ ಇಲ್ಲ, ಓದುವವನಿಗಾಗಿ ಕಾಯುವುದೂ ಇಲ್ಲ. ಅದಕ್ಕೇ ಅಲ್ಲಿ ಟೇಬಲ್‌ಗಳನ್ನು ಆರ್‌ಸಿಯು ಮೂಲಕ ತಡಮಾಡಿ ಬಿಡುಗಡೆ ಮಾಡುತ್ತಾರೆ. ವರ್ಚುವಲ್ ಮೆಷಿನ್‌ಗಳಲ್ಲಿ ಐಪಿಐ ತಪ್ಪಿಸುವ ಜಾಣತನ ಬಂದ ಮೇಲೆ ಎಕ್ಸ್86ಕ್ಕೂ ಇದೇ ದಾರಿ ಬೇಕಾಯಿತು. ಇಂಟರಪ್ಟ್ ಆಫ್ ಇರುವ ಸಿಪಿಯುವನ್ನೂ ಆರ್‌ಸಿಯು ಓದುಗ ಅಂತಲೇ ಎಣಿಸುತ್ತದೆ. ಹಾಗಾಗಿ ಇಂಟರಪ್ಟ್ ಆಫ್ ಮಾಡಿದವನಿಗೆ ಎರಡೂ ಕಡೆ ರಕ್ಷಣೆ.

"ಹಾಗಿದ್ದರೆ ನನ್ನ ಆರ್‌ಸಿಯು ಲಾಕ್ ಸಾಕಾಗಬೇಕಿತ್ತಲ್ವಾ?" ಅಂತ ನೀವು ಕೇಳುತ್ತೀರಿ. ಸಾಕಾಗದು. ಆರ್‌ಸಿಯು ಕಾಪಾಡುವುದು ಆರ್‌ಸಿಯು ಮೂಲಕ ಬಿಟ್ಟ ಟೇಬಲ್‌ಗಳನ್ನು ಮಾತ್ರ, ಎಲ್ಲವನ್ನೂ ಹಾಗೆ ಬಿಡುವುದಿಲ್ಲ. ನಿಮ್ಮ ಮಾಡ್ಯೂಲ್ ಹುಡುಕುವುದು ಹ್ಯೂಜ್ ಪೇಜ್ ತಾನೇ? ಅದನ್ನು ಕಟ್ಟುವ ಕೆಹ್ಯೂಜ್‌ಪೇಜ್‌ಡಿಯನ್ನೇ ನೋಡಿ. 512 ಸಣ್ಣ ಪೇಜ್‌ಗಳನ್ನು ಒಂದು 2 ಎಂಬಿ ಪೇಜ್‌ಗೆ ಸೇರಿಸುವಾಗ ಅದು ಪಿಎಂಡಿ (ಕೊನೆಯಿಂದ ಎರಡನೇ ಹಂತ, ಹ್ಯೂಜ್ ಪೇಜ್ ಆದರೆ ಇದೇ ನೇರವಾಗಿ ಅದನ್ನು ತೋರಿಸುತ್ತದೆ) ಎಂಟ್ರಿಯನ್ನು ಖಾಲಿ ಮಾಡುತ್ತದೆ, ಕೆಳಗಿನ ಪಿಟಿಇ (ಕೊನೆಯ ಹಂತ) ಟೇಬಲ್ಲನ್ನು ಕಿತ್ತು ಪಕ್ಕಕ್ಕೆ ಇಡುತ್ತದೆ. ಮುಂದೆ ಹ್ಯೂಜ್ ಪೇಜ್ ಒಡೆಯುವ ಪ್ರಸಂಗ ಬಂದರೆ ಬೇಕಾಗುತ್ತದೆ ಅಂತ. ಆ ಟೇಬಲ್ಲನ್ನು ಆಮೇಲೆ ಬಿಡುವಾಗ ಆರ್‌ಸಿಯು ದಾರಿ ಹಿಡಿಯಲೇಬೇಕೆಂದಿಲ್ಲ, ನೇರವಾಗಿಯೂ ಬಿಡಬಹುದು. ಇಂಟರಪ್ಟ್ ಆಫ್ ಮಾಡಿ ಓದುವವರನ್ನು ಕಾಯಲೆಂದೇ 2022ರಲ್ಲಿ ಇಲ್ಲಿ ಒಂದು ಐಪಿಐ ಸೇರಿಸಿದರು. ಬರೀ ಆರ್‌ಸಿಯು ಲಾಕ್ ಹಿಡಿದವನು ಆ ಐಪಿಐಗೆ ಖುಷಿಯಿಂದ "ಆಯ್ತು" ಅಂದುಬಿಡುತ್ತಾನೆ!

ಇನ್ನೊಂದು ಮಾತು. ಊಪ್ಸ್ ಬಂದದ್ದು ನಿಮ್ಮ ಪುಣ್ಯ. ವಾಪಸ್ ಹೋದ ಪೇಜ್ ಕರ್ನಲ್‌ನ ಕಣ್ಣಿಗೆ ಇನ್ನೂ ಓದಬಹುದಾದ ಮೆಮೊರಿಯೇ. ಅಲ್ಲಿರುವ ಕಸವನ್ನು ಎಂಟ್ರಿ ಅಂದುಕೊಂಡು ಓದಿದರೆ ಸಾಮಾನ್ಯವಾಗಿ ಯಾವ ಸದ್ದೂ ಇಲ್ಲ, ಸುಳ್ಳು ಉತ್ತರ ಮಾತ್ರ. ಆ ಕಸವನ್ನೇ ವಿಳಾಸ ಅಂತ ನಂಬಿ ಮುಂದಿನ ಹಂತಕ್ಕೆ ಇಳಿದಾಗ ಮಾತ್ರ ಒಮ್ಮೊಮ್ಮೆ ಬೀಳುತ್ತದೆ.

ಈಗ ಎಂಟ್ರಿ ಬದಲಾಗುವ ವಿಷಯ. ನೀವು ಕಳಿಸಿದ ಕೋಡ್‌ನಲ್ಲಿ ಪಿಎಂಡಿಯನ್ನು ಪಾಯಿಂಟರ್ ಮೂಲಕ ಎರಡು ಸಲ ಓದಿದ್ದೀರಿ. ಮೊದಲು "ಇದು ಹ್ಯೂಜಾ?" ಅಂತ ಕೇಳಲು, ಆಮೇಲೆ ಕೆಳಗಿನ ಟೇಬಲ್‌ನ ವಿಳಾಸ ತೆಗೆಯಲು. ಮೊದಲ ಓದಿನಲ್ಲಿ "ಅಲ್ಲ, ಟೇಬಲ್" ಎಂದು ಬಂತು. ಎರಡನೇ ಓದಿನ ಹೊತ್ತಿಗೆ ಅದು ಹ್ಯೂಜ್ ಆಗಿರುತ್ತದೆ. ಈಗ ನೀವು ಪಿಟಿಇ ಅಂದುಕೊಂಡು ಓದುತ್ತಿರುವುದು ಯಾವುದೋ ಪ್ರೋಗ್ರಾಂ ಬರೆದ 8 ಬೈಟ್ ಡೇಟಾ. ಅದರಲ್ಲಿ ಏನಿರಬೇಕು ಅಂತ ಆ ಪ್ರೋಗ್ರಾಂ ನಿರ್ಧರಿಸಬಹುದು. ಸೆಕ್ಯುರಿಟಿಯವರಿಗೆ ನಿದ್ದೆ ಬರದ ಜಾಗ ಇದು.

ಮದ್ದು ಸುಲಭ. ರೀಡ್ ಒನ್ಸ್ ಬಳಸಿ ಪ್ರತಿ ಹಂತದ ಎಂಟ್ರಿಯನ್ನು ಒಂದೇ ಸಲ ಲೋಕಲ್ ವೇರಿಯಬಲ್‌ಗೆ ತಗೊಳ್ಳಿ. ಖಾಲಿಯಾ, ಹ್ಯೂಜಾ, ಟೇಬಲ್ಲಾ ಅನ್ನುವ ಎಲ್ಲ ಪ್ರಶ್ನೆಯನ್ನೂ ಆ ನಕಲಿಗೇ ಕೇಳಿ. ಕೆಳಗೆ ಇಳಿಯುವುದೂ ಅದರಿಂದಲೇ. ಸಾದಾ ಓದಾದರೆ ನೀವು ಒಂದೇ ಸಲ ಬರೆದಿದ್ದರೂ ಕಂಪೈಲರ್ ಎರಡು ಸಲ ಓದಬಹುದು.

ನಿಮ್ಮ ಪ್ರಶ್ನೆ ಬರೀ ಪೇಜ್ ಎಷ್ಟು ದೊಡ್ಡದು ಅನ್ನುವುದಾದರೆ, ಎಕ್ಸ್86ರಲ್ಲಿ ಪಿಎಂಡಿಯಲ್ಲೇ ನಿಂತುಬಿಡಿ. ಅಲ್ಲಿ ಟೇಬಲ್ ಇದೆ ಅಂದರೆ ಕೆಳಗಿರುವುದು 4 ಕೆಬಿ, ಪಿಟಿಇ ಮುಟ್ಟುವ ಅಗತ್ಯವೇ ಇಲ್ಲ. ಹಾಗಂತ ಇಂಟರಪ್ಟ್ ಆನ್ ಮಾಡಬೇಡಿ. ಇನ್ನೊಂದು ಥ್ರೆಡ್ ದೊಡ್ಡ ಜಾಗ ಅನ್‌ಮ್ಯಾಪ್ ಮಾಡಿದರೆ ಪಿಎಂಡಿ ಟೇಬಲ್ಲೂ ಹೋಗುತ್ತದೆ. ಸಿಕ್ಕ ಉತ್ತರ ಮರುಕ್ಷಣಕ್ಕೆ ಹಳೆಯದಾಗಿರಬಹುದು. ಸ್ಯಾಂಪ್ಲಿಂಗ್‌ಗೆ ಅದು ಸಾಕು.

ಟೈಮರ್ ಸಾಫ್ಟ್‌ಐಆರ್‌ಕ್ಯೂನಲ್ಲಿ (ಇಂಟರಪ್ಟ್ ಮುಗಿದ ಮೇಲೆ ಉಳಿದ ಕೆಲಸ ಮಾಡುವ ಹಂತದಲ್ಲಿ) ಓಡುವುದರಿಂದ ಇನ್ನೊಂದು ಗುಂಡಿ ಇದೆ. ಲೋಡ್ ಜಾಸ್ತಿಯಾದಾಗ ಅದು ಕೆಸಾಫ್ಟ್‌ಐಆರ್‌ಕ್ಯೂಡಿ ಥ್ರೆಡ್ ಒಳಗೆ ಓಡಬಹುದು. ಅದು ಕರ್ನಲ್ ಥ್ರೆಡ್, ಅದಕ್ಕೆ ಸ್ವಂತ ಎಂಎಂ (ಪ್ರೊಸೆಸ್‌ನ ಮೆಮೊರಿಯ ದಾಖಲೆ) ಇಲ್ಲ, ಪಾಯಿಂಟರ್ ನಲ್. ಮೊದಲ ಸಾಲಿನಲ್ಲೇ ನೋಡಿಕೊಳ್ಳಿ. ಇಂಟರಪ್ಟ್ ಆಫ್ ಇರುವಾಗ ಪ್ರಿಂಟ್‌ಕೆ (ಕರ್ನಲ್ ಲಾಗ್‌ಗೆ ಬರೆಯುವ ಫಂಕ್ಷನ್) ಬೇಡ.

ನಾಳೆ ಮ್ಯಾನೇಜರ್ "ಆ ಪೇಜ್ ಒಳಗೆ ಏನಿದೆ ಅಂತಲೂ ನೋಡೋಣ" ಅಂದರೆ ಈ ಕೋಡನ್ನು ಹಿಗ್ಗಿಸಬೇಡಿ. ಪೇಜ್ ಮುಟ್ಟಬೇಕಾದರೆ ಅದರ ರೆಫರೆನ್ಸ್ ಕೌಂಟ್ (ಎಷ್ಟು ಕಡೆ ಬಳಕೆಯಲ್ಲಿದೆ ಅನ್ನುವ ಎಣಿಕೆ) ಸೊನ್ನೆ ಅಲ್ಲದಿದ್ದರೆ ಮಾತ್ರ ಏರಿಸಬೇಕು. ಆಮೇಲೆ ಪಿಟಿಇ ಮತ್ತು ಪಿಎಂಡಿ ಎರಡನ್ನೂ ಮತ್ತೆ ಓದಬೇಕು, ಬದಲಾಗಿದ್ದರೆ ಬಿಟ್ಟುಕೊಡಬೇಕು. ಪಿಎಂಡಿಯನ್ನು ಮತ್ತೆ ನೋಡಬೇಕು ಅನ್ನುವುದು ಕರ್ನಲ್‌ಗೇ ಸೇರಿದ್ದು 2022ರಲ್ಲಿ. ಅಷ್ಟು ವರ್ಷ ಅಷ್ಟು ಕಣ್ಣು ತಪ್ಪಿಸಿಕೊಂಡಿದ್ದನ್ನು ನೀವು, ನಾನು ಮೊದಲ ಸಲಕ್ಕೇ ಸರಿಯಾಗಿ ಬರೆಯುತ್ತೇವಾ? 'ಗೆಟ್ ಯೂಸರ್ ಪೇಜಸ್ ಫಾಸ್ಟ್ ಓನ್ಲಿ' ಕರೆಯಿರಿ. ಸಿಗದಿದ್ದರೆ ಸಿಗಲಿಲ್ಲ ಅನ್ನುತ್ತದೆ, ನಿದ್ದೆ ಹೋಗುವುದಿಲ್ಲ.

ಪ್ರಶ್ನೆ: ಡೊಂಬಿವ್ಲಿಯಿಂದ. 32 ಬಿಟ್ ಎಕ್ಸ್86, ಪಿಎಇ (ಹೆಚ್ಚು ಮೆಮೊರಿ ಬಳಸಲು ಬಿಡುವ ಸೌಲಭ್ಯ) ಆನ್ ಇದೆ. ಎಂಟ್ರಿ 64 ಬಿಟ್. ಒಂದೇ ಸಲಕ್ಕೆ ಓದುವುದು ಹೇಗೆ?

ಉತ್ತರ: ಎರಡು ಅರ್ಧ ಓದಬೇಕು. ಮೊದಲು ಕೆಳಗಿನ ಅರ್ಧ, ರೀಡ್ ಬ್ಯಾರಿಯರ್, ಮೇಲಿನ ಅರ್ಧ, ಮತ್ತೆ ಬ್ಯಾರಿಯರ್, ಮತ್ತೆ ಕೆಳಗಿನ ಅರ್ಧ. ಕೆಳಗಿನದು ಮೊದಲಿನಂತೇ ಇದ್ದರೆ ಸರಿ, ಇಲ್ಲವಾದರೆ ಮೊದಲಿಂದ ಶುರು. 'ಪಿಟಿಇಪಿ ಗೆಟ್ ಲಾಕ್‌ಲೆಸ್' ಇದನ್ನೇ ಮಾಡುತ್ತದೆ, ಸ್ವಂತ ಬರೆಯಬೇಡಿ. ಇದೂ ಇಂಟರಪ್ಟ್ ಆಫ್ ಇದ್ದಾಗ ಮಾತ್ರ ನಂಬಿಕೆಗೆ ಅರ್ಹ.

ಪ್ರಶ್ನೆ: ಗೋವಾದ ಪೋಂಡಾದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ ಮೇಡಂ. ಕರ್ನಲ್ ಕೋಡ್ ಬರೆಯದೆ ಇದನ್ನು ನೋಡಬಹುದಾ?

ಉತ್ತರ: ಧಾರಾಳವಾಗಿ. ಪ್ರೊಕ್ ಡೈರೆಕ್ಟರಿ ಒಳಗೆ ಪ್ರತಿ ಪ್ರೊಸೆಸ್‌ಗೂ ಪೇಜ್‌ಮ್ಯಾಪ್ ಅನ್ನುವ ಫೈಲ್ ಇದೆ, ಪ್ರತಿ ಪೇಜ್‌ಗೆ 8 ಬೈಟ್. 63ನೇ ಬಿಟ್ 1 ಇದ್ದರೆ ಪೇಜ್ ಮೆಮೊರಿಯಲ್ಲಿದೆ, 62 ಇದ್ದರೆ ಸ್ವಾಪ್‌ನಲ್ಲಿದೆ. ರೂಟ್ ಆಗದೆ ಓದಿದರೆ ಪೇಜ್‌ನ ಭೌತಿಕ ನಂಬರ್ ಸೊನ್ನೆ ಬರುತ್ತದೆ. ನಿಮ್ಮ ಪ್ರೋಗ್ರಾಂ ತಪ್ಪು ಅಂತ ತಲೆ ಕೆಡಿಸಿಕೊಳ್ಳಬೇಡಿ. ಹ್ಯೂಜ್ ಪೇಜ್ ಬೇಕಾದರೆ ಪಕ್ಕದಲ್ಲೇ ಇರುವ ಎಸ್‌ಮ್ಯಾಪ್ಸ್ ಫೈಲ್‌ನಲ್ಲಿ 'ಅನಾನ್ ಹ್ಯೂಜ್ ಪೇಜಸ್' ಸಾಲು ನೋಡಿ. ದೊಡ್ಡ ಜಾಗ ಮ್ಯಾಪ್ ಮಾಡಿ, ಎಂಅಡ್ವೈಸ್ ಸಿಸ್ಟಮ್ ಕಾಲ್‌ನಲ್ಲಿ ಹ್ಯೂಜ್ ಪೇಜ್ ಕೇಳಿ, ಪ್ರತಿ ಪೇಜ್‌ಗೂ ಒಂದು ಬೈಟ್ ಬರೆದು ಮತ್ತೆ ಅದೇ ಸಾಲು ಓದಿ. ಸಂಖ್ಯೆ 2048 ಕೆಬಿಯ ಲೆಕ್ಕದಲ್ಲಿ ಏರಬೇಕು. ಏರದಿದ್ದರೆ ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ಸೆಟ್ಟಿಂಗ್‌ಗಳು ಫೈಲ್‌ಗಳಾಗಿ ಕಾಣುವ ಜಾಗದಲ್ಲಿ) ಟ್ರಾನ್ಸ್‌ಪರೆಂಟ್ ಹ್ಯೂಜ್ ಪೇಜ್ ಸೆಟ್ಟಿಂಗ್ 'ನೆವರ್' ಆಗಿದೆಯಾ ನೋಡಿ.