ಮಾದರಿ ರೈಲಿನ ಸ್ಟೇಷನ್ನಿಗೆ ಸದ್ದು ಕೂಡಿಸುವುದು

ಪ್ರಶ್ನೆ: ಎಚ್‌ಒ ಅಳತೆಯ (ನಿಜದ 1/87ರಷ್ಟು) ಮಾದರಿ ರೈಲುದಾರಿಯಲ್ಲಿ ಸ್ಟೇಷನ್ ಗಂಟೆಗೂ ಸಾಮಿಲ್ಲಿಗೂ ಡಿಎಫ್‌ಪ್ಲೇಯರ್ ಮಿನಿ (ಮೆಮೊರಿ ಕಾರ್ಡಿನ ಸದ್ದು ನುಡಿಸುವ ಪುಟ್ಟ ಬೋರ್ಡು) ಜೋಡಿಸಿದ್ದೇನೆ. ಸದ್ದು ತೀರಾ ಸಣ್ಣದು, ಜೊತೆಗೆ ಗುಂಯ್‌ಗುಡುತ್ತದೆ. ಗಂಟೆಯ ಗುಂಡಿ ಒತ್ತಿದರೆ ಗರಗಸ ಕೂಗುತ್ತದೆ!

ಉತ್ತರ: ಸದ್ದು ಸಣ್ಣದಾಗಲು ಕಾರಣ ಬಹುಮಟ್ಟಿಗೆ ಡಬ್ಬಿಯಿಲ್ಲದ ಬರಿಮೈ ಸ್ಪೀಕರ್. ಮುಂದೆ ಹೊಮ್ಮಿದ ಸದ್ದನ್ನು ಹಿಂದೆ ಹೊಮ್ಮಿದ್ದು ಕೊಂದುಬಿಡುತ್ತದೆ. 8 ಓಮ್, 3 ವ್ಯಾಟ್ ಸ್ಪೀಕರಿನ ಬೆನ್ನಿಗೆ ಪ್ಲಾಸ್ಟಿಕ್ ಡಬ್ಬಿ ಅಂಟಿಸಿ, ಅಂಚಿಗೆ ಸಿಲಿಕೋನ್ ಬಳಿದು ಗಾಳಿಯಾಡದಂತೆ ಮುಚ್ಚಿ. ಅದನ್ನು ಕಟ್ಟಡದೊಳಗೇ ಇಡಿ. ಹಲಗೆಯಡಿ ಇಡುವುದಾದರೆ ಮೇಲೆ ತೂತು ಕೊರೆಯಲೇಬೇಕು.

ಗುಂಯ್ ಸದ್ದು ಬಹುಶಃ ಹಳಿಯ ಕರೆಂಟಿನಿಂದ ಬರುವಂಥದ್ದು. ಪ್ಲೇಯರಿಗೆ ಬೇರೆಯೇ 5 ವೋಲ್ಟ್ ಅಡಾಪ್ಟರ್ ಕೊಟ್ಟು, ಪ್ಲೇಯರಿನ ಪಕ್ಕದಲ್ಲೇ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಪ್ಲೇಯರನ್ನು ನಡೆಸಲು ಆರ್ಡುಯಿನೊ (ಪುಟ್ಟ ನಿಯಂತ್ರಕ ಬೋರ್ಡು) ಇದ್ದರೆ, ಪ್ಲೇಯರಿಗೆ ಆದೇಶ ತರುವ ಆರ್‌ಎಕ್ಸ್ ತಂತಿಯ ನಡುವೆ 1 ಕಿಲೋಓಮ್ ರೆಸಿಸ್ಟರ್ ಬೇಕು. ಸ್ಪೀಕರಿನ ಎರಡೂ ತಂತಿ ಪ್ಲೇಯರಿನ ಎಸ್‌ಪಿಕೆ 1, 2 ಎಂಬ ಪಿನ್ನುಗಳಿಗೇ ಹೋಗಲಿ. ಒಂದನ್ನು ಗ್ರೌಂಡಿಗೆ ಕೊಟ್ಟರೆ ಚಿಪ್ ಸುಡಬಹುದು.

ಗಂಟೆ, ಗರಗಸದ ಅದಲುಬದಲಿಗೆ ಬಹುಶಃ ವೈರಿಂಗ್ ಕಾರಣವಲ್ಲ. ಪ್ಲೇಯರ್ ಸಾಮಾನ್ಯವಾಗಿ ನೋಡುವುದು ಫೈಲಿನ ಹೆಸರನ್ನಲ್ಲ, ಮೆಮೊರಿ ಕಾರ್ಡಿಗೆ ನಕಲಾದ ಸರದಿಯನ್ನು. ಕಾರ್ಡನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, 0001, 0002 ಎಂದು ಹೆಸರಿಟ್ಟು ಒಂದಾದ ಮೇಲೊಂದು ನಕಲಿಸಿ.

ಅಂದಹಾಗೆ, ಗರಗಸ ಎಡೆಬಿಡದೆ ಕೂಗುತ್ತಿದ್ದರೆ ಹತ್ತೇ ನಿಮಿಷಕ್ಕೆ ತಲೆನೋವು. ಫೈಲಿನಲ್ಲೇ ನಡುನಡುವೆ 20–30 ಸೆಕೆಂಡು ಮೌನ ಸೇರಿಸಿ.