ಪ್ರಶ್ನೆ ನಿಮ್ಮದು: ಎಂಟು ಕೋರ್ ಕೊಟ್ಟು ಕೈ ಕಟ್ಟುವುದೇಕೆ?

ಪ್ರಶ್ನೆ: ನಮ್ಮದು ತೆರಿಗೆ ಸಲಹೆಗಾರರ ಸಣ್ಣ ಕಚೇರಿ. ಎಂಟು ಕೋರ್‌ಗಳ (ಪ್ರೊಸೆಸರ್‌ನೊಳಗಿನ ಕೆಲಸದ ಘಟಕಗಳ) ಒಂದೇ ಸರ್ವರ್‌ನಲ್ಲಿ, ಒಂದು ಯಂತ್ರದೊಳಗೆ ಹಲವು ಕಂಪ್ಯೂಟರ್‌ಗಳನ್ನು ನಡೆಸುವ ಪ್ರಾಕ್ಸ್‌ಮಾಕ್ಸ್ ತಂತ್ರಾಂಶ ಹಾಕಿ ಮೂರು ವರ್ಚುವಲ್ ಮಷೀನ್ ನಡೆಸುತ್ತಿದ್ದೇವೆ. ಲೆಕ್ಕಪತ್ರದ ವಿಂಡೋಸ್‌ಗೆ ನಾಲ್ಕು ಕೋರ್, ಕಡತಗಳನ್ನಿಡುವ ಲಿನಕ್ಸ್‌ಗೆ ಎರಡು, ಸಿಸಿಟಿವಿ ರೆಕಾರ್ಡಿಂಗ್‌ಗೆ ಎಂಟು. ಪ್ರತಿ ತಿಂಗಳು 20ನೇ ತಾರೀಖಿನ ಸುಮಾರಿಗೆ ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಭರಾಟೆಯಲ್ಲಿ ವಿಂಡೋಸ್ ಮಷೀನ್‌ಗೆ ಉಸಿರು ಕಟ್ಟುತ್ತದೆ. ಸಿಸಿಟಿವಿ ಮಷೀನ್‌ಗೆ ಪ್ರೊಸೆಸರ್ ಮಿತಿ ಹಾಕಿ ಎಂದು ಪರಿಚಯದವರೊಬ್ಬರು ಹೇಳಿದರು. ಎಷ್ಟು ಹಾಕಲಿ?
– ಓದುಗರು, ದಾವಣಗೆರೆ

ಉತ್ತರ: ಸಂಖ್ಯೆಯನ್ನು ಕೊನೆಗೆ ಹೇಳುತ್ತೇನೆ. ಮೊದಲು ನನ್ನದೊಂದು ಪ್ರಶ್ನೆ: ಸಿಸಿಟಿವಿಗೆ ಎಂಟು ಕೋರ್ ಕೊಟ್ಟವರು ಯಾರು? ಎಂಟು ಕೋರ್‌ನ ಸರ್ವರ್ ಮೇಲೆ ನೀವು ಹಂಚಿರುವುದು ಹದಿನಾಲ್ಕು. ಹಾಗೆ ಹೆಚ್ಚು ಹಂಚುವುದು ತಪ್ಪೇನಲ್ಲ, ಎಲ್ಲರೂ ಮಾಡುತ್ತಾರೆ. ಆದರೆ ಹೆಚ್ಚಿನ ಪಾಲು ಹಗಲಿರುಳು ನಿಲ್ಲದೆ ದುಡಿಯುವ ಮಷೀನ್‌ಗೇ ಹೋಗಿದೆ, ಯಡವಟ್ಟು ಆಗಿರುವುದು ಅಲ್ಲಿ. ಕ್ಯಾಮೆರಾದ ದೃಶ್ಯದಲ್ಲಿ ಚಲನೆಯನ್ನು ಹುಡುಕುವ ತಂತ್ರಾಂಶಕ್ಕೆ ಎಷ್ಟು ಕೊಟ್ಟರೂ ಸಾಲದು.

ಈಗ ಮಿತಿಯ ವಿಷಯ. ಎಂಟು ಕೋರ್ ಹಾಗೆಯೇ ಬಿಟ್ಟು ಸಿಪಿಯು ಲಿಮಿಟ್ ಅಂಕಣದಲ್ಲಿ 2 ಎಂದು ಬರೆದಿರಿ ಎಂದುಕೊಳ್ಳೋಣ. ಎರಡು ಕೋರ್ ಕೊಟ್ಟ ಹಾಗೆಯೇ ಆಯಿತಲ್ಲ ಎಂದು ಅನ್ನಿಸುತ್ತದೆ. ಆಗುವುದಿಲ್ಲ. ಪ್ರಾಕ್ಸ್‌ಮಾಕ್ಸ್‌ನ ಒಳಗಿರುವ ಲಿನಕ್ಸ್ ಕರ್ನಲ್ (ವ್ಯವಸ್ಥೆಯ ತಿರುಳು) ಈ ಮಿತಿಯ ಲೆಕ್ಕವನ್ನು ಸಾಮಾನ್ಯವಾಗಿ 100 ಮಿಲಿಸೆಕೆಂಡಿನ ಕಂತುಗಳಲ್ಲಿ ಇಡುತ್ತದೆ. 2 ಎಂದರೆ ಒಂದು ಕಂತಿಗೆ 200 ಮಿಲಿಸೆಕೆಂಡಿನಷ್ಟು ಪ್ರೊಸೆಸರ್ ಸಮಯ. ಎಂಟೂ ಕೋರ್‌ಗಳು ಒಟ್ಟಿಗೆ ದುಡಿಯತೊಡಗಿದರೆ ಆ 200 ಇಪ್ಪತ್ತೈದೇ ಮಿಲಿಸೆಕೆಂಡಿನಲ್ಲಿ ಖರ್ಚಾಗುತ್ತದೆ. ಉಳಿದ 75 ಮಿಲಿಸೆಕೆಂಡು ಇಡೀ ಮಷೀನ್ ಕಲ್ಲಿನಂತೆ ನಿಂತಿರುತ್ತದೆ. ನಿಮ್ಮ ಕ್ಯಾಮೆರಾ ಸೆಕೆಂಡಿಗೆ 25 ಫ್ರೇಮ್ ಕಳಿಸುವುದಾದರೆ 40 ಮಿಲಿಸೆಕೆಂಡಿಗೊಂದು ಫ್ರೇಮ್ ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಫ್ರೇಮ್‌ಗಳು ಕಾಯುವ ಜಾಗ, ಅಂದರೆ ಬಫರ್, ತುಂಬಿದರೆ ಬಂದದ್ದು ಬಿದ್ದುಹೋಗುತ್ತದೆ. ನಾಳೆ ಯಾರದೋ ಬೈಕ್ ಕಳುವಾಗಿ ಪೊಲೀಸರು ದೃಶ್ಯ ಕೇಳಿದಾಗ, ನಂಬರ್ ಪ್ಲೇಟ್ ಕಾಣಬೇಕಾದ ಜಾಗದಲ್ಲೇ ಚಿತ್ರ ಜಿಗಿದಿರುತ್ತದೆ. ಅದೇ ಮಷೀನ್‌ಗೆ ಮಿತಿಯಿಲ್ಲದೆ ಎರಡೋ ಮೂರೋ ಕೋರ್ ಕೊಡಿ. ನಿಧಾನವಾದರೂ ಹೀಗೆ ತಡೆತಡೆದು ನಿಲ್ಲುವುದಿಲ್ಲ.

ಆದ್ದರಿಂದ ಮೊದಲ ಕೆಲಸ, ಸಿಸಿಟಿವಿಯನ್ನು ಮೂರು ಕೋರ್‌ಗೆ ಇಳಿಸಿ. ಮಷೀನ್ ನಿಲ್ಲಿಸಿ ಮತ್ತೆ ಚಾಲೂ ಮಾಡಬೇಕಾಗುತ್ತದೆ, ಭಾನುವಾರ ಮಾಡಿಕೊಳ್ಳಿ. ಒಟ್ಟು ಹಂಚಿಕೆ ಒಂಬತ್ತಕ್ಕೆ ಇಳಿಯುತ್ತದೆ. ಎಂಟರ ಮೇಲೆ ಒಂಬತ್ತು ಎಂದರೆ ನೆಮ್ಮದಿಯಾಗಿ ನಡೆಯುವ ಸಂಸಾರ.

ಎರಡನೆಯದು ಸಿಪಿಯು ಯೂನಿಟ್ಸ್. ಅದೇ ಪ್ರೊಸೆಸರ್ ಕಿಟಕಿಯಲ್ಲಿ ಅಡ್ವಾನ್ಸ್‌ಡ್ ಎಂಬುದಕ್ಕೆ ಗುರುತು ಹಾಕಿದರೆ ಕಾಣುತ್ತದೆ. ಇದಕ್ಕೂ ಮಿತಿಗೂ ಏನು ವ್ಯತ್ಯಾಸ ಎಂದು ಭದ್ರಾ ನಾಲೆಯ ಊರಿನವರಾದ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಯೂನಿಟ್ಸ್ ಎಂದರೆ ನೀರಿನ ಪಾಳಿ: ಎಲ್ಲರಿಗೂ ಒಟ್ಟಿಗೆ ನೀರು ಬೇಕಾದಾಗ ಮಾತ್ರ ಯಾರಿಗೆಷ್ಟು ಎಂಬ ಲೆಕ್ಕ ಬರುತ್ತದೆ, ಉಳಿದ ಹೊತ್ತು ಬೇಕಾದವರು ಹಾಯಿಸಿಕೊಳ್ಳಬಹುದು. ಮಿತಿ ಎಂದರೆ ತೂಬಿಗೆ ಬೀಗ. ನಾಲೆ ತುಂಬಿ ಹರಿಯುತ್ತಿದ್ದರೂ ಅಷ್ಟೇ ನೀರು. ಈಚಿನ ಆವೃತ್ತಿಗಳಲ್ಲಿ ಯೂನಿಟ್ಸ್ ತಾನಾಗಿ 100 ಇರುತ್ತದೆ. ವಿಂಡೋಸ್‌ಗೆ 300, ಸಿಸಿಟಿವಿಗೆ 50 ಮಾಡಿ, ಕಡತಗಳ ಮಷೀನ್ ನೂರರಲ್ಲೇ ಇರಲಿ. ಇಪ್ಪತ್ತನೇ ತಾರೀಖಿನ ನೂಕುನುಗ್ಗಲಿನಲ್ಲೂ ವಿಂಡೋಸ್ ತನ್ನ ನಾಲ್ಕು ಕೋರ್‌ಗಳನ್ನು ಪಡೆದೇ ತೀರುತ್ತದೆ. ಈ ಬದಲಾವಣೆಗೆ ಮಷೀನ್ ನಿಲ್ಲಿಸಬೇಕಾಗಿಲ್ಲ.

ನನ್ನ ಹಳೆಯ ಪಾಪವೊಂದನ್ನು ಇಲ್ಲೇ ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಪ್ರಾಕ್ಸ್‌ಮಾಕ್ಸ್‌ನಂಥದ್ದೇ ಇನ್ನೊಂದು ತಂತ್ರಾಂಶವಾದ ವಿಎಂವೇರ್‌ನ ಸರ್ವರ್‌ಗಳನ್ನು ನೋಡಿಕೊಳ್ಳುತ್ತಿದ್ದೆ. ಅಲ್ಲಿ ಮಿತಿಯನ್ನು ಮೆಗಾಹರ್ಟ್ಸ್‌ನಲ್ಲಿ ಬರೆಯಬೇಕು. ಪರೀಕ್ಷೆಗೆಂದು ಒಂದು ಮಷೀನ್‌ಗೆ 1000 ಎಂದು ಬರೆದೆ, ಮರೆತೆ. ಆಮೇಲೆ ಅದನ್ನೇ ಅಚ್ಚಾಗಿಟ್ಟುಕೊಂಡು ಬೇರೆ ಮಷೀನ್‌ಗಳನ್ನು ತೆಗೆದೆ. ಮಿತಿಯೂ ಜೊತೆಗೇ ಇಳಿದು ಬಂತು. ಅವುಗಳಲ್ಲೊಂದು ತೆವಳುತ್ತಿದೆ ಎಂದು ದೂರು ಬಂದಾಗ ಎರಡು ಕೋರ್ ಇದ್ದದ್ದನ್ನು ನಾಲ್ಕು ಮಾಡಿದೆ, ನಾಲ್ಕನ್ನು ಎಂಟು ಮಾಡಿದೆ. ಪ್ರತಿ ಸಲವೂ ಇನ್ನಷ್ಟು ಕೆಟ್ಟಿತು, ಏಕೆಂದರೆ ಆ ಮಿತಿ ಇಡೀ ಮಷೀನ್‌ಗೆ ಸೇರಿದ್ದು. ಎಂಟು ಕೋರ್‌ಗಳು ಅದೇ 1000 ಮೆಗಾಹರ್ಟ್ಸ್‌ಗೆ ಕಿತ್ತಾಡುತ್ತಿದ್ದವು. ಮೂರನೆಯ ದಿನ ಸಂಜೆ ಆ ಅಂಕಣ ಕಣ್ಣಿಗೆ ಬಿತ್ತು. ಅದನ್ನು ಬರೆದವಳು ನಾನೇ ಎಂದು ಕಚೇರಿಯಲ್ಲಿ ಯಾರಿಗೂ ಹೇಳಲಿಲ್ಲ.

ಇನ್ನೊಂದು ಅನುಮಾನವಿದೆ. ನಿಮ್ಮ ತೊಂದರೆ ಪ್ರೊಸೆಸರ್‌ದು ಅಲ್ಲದೆಯೂ ಇರಬಹುದು. ರೆಕಾರ್ಡಿಂಗ್ ಎಂದರೆ ಡಿಸ್ಕ್ ಮೇಲೆ ನಿರಂತರ ಬರವಣಿಗೆ. ಪ್ರಾಕ್ಸ್‌ಮಾಕ್ಸ್‌ನಲ್ಲಿ ಮಷೀನ್‌ನ ಹೆಸರಿನ ಬದಲು ಸರ್ವರ್‌ನ ಹೆಸರನ್ನು ಒತ್ತಿ, ಸಾರಾಂಶದ ನಕ್ಷೆಯಲ್ಲಿ ಐಒ ಡಿಲೇ (ಡಿಸ್ಕ್‌ಗಾಗಿ ಕಾಯುವ ಸಮಯ) ಎಂಬ ಗೆರೆಯನ್ನು ನೋಡಿ. ವಿಂಡೋಸ್ ತಡೆಯುವ ಹೊತ್ತಿಗೆ ಸರಿಯಾಗಿ ಆ ಗೆರೆ ಮೇಲೇಳುತ್ತಿದ್ದರೆ ಮೇಲೆ ಹೇಳಿದ್ದೆಲ್ಲ ಅರ್ಧ ಪರಿಹಾರ ಮಾತ್ರ. ರೆಕಾರ್ಡಿಂಗ್‌ಗೆ ಬೇರೆ ಡಿಸ್ಕ್ ಹಾಕಿಸಿ.

ಸಂಖ್ಯೆ ಕೇಳಿದ್ದಿರಿ. ಸಿಪಿಯು ಲಿಮಿಟ್ ಅಂಕಣವನ್ನು ಖಾಲಿ ಬಿಡಿ.

ಪ್ರಶ್ನೆ: ಲ್ಯಾಪ್‌ಟಾಪ್‌ನಲ್ಲಿ ವರ್ಚುವಲ್ ಮಷೀನ್ ನಡೆಸುವ ವರ್ಚುವಲ್‌ಬಾಕ್ಸ್ ಮೂಲಕ ಉಬುಂಟು ಲಿನಕ್ಸ್ ಕಲಿಯುತ್ತಿದ್ದೇನೆ. ಎರಡು ಕೋರ್ ಕೊಟ್ಟಿದ್ದೇನೆ. ಫ್ಯಾನ್ ಅಬ್ಬರಿಸುತ್ತದೆಂದು ಎಕ್ಸಿಕ್ಯೂಶನ್ ಕ್ಯಾಪ್ (ಪ್ರೊಸೆಸರ್ ಬಳಕೆಯ ಶೇಕಡಾವಾರು ಮಿತಿ) ಅನ್ನು 40ಕ್ಕೆ ಇಳಿಸಿದೆ. ಈಗ ಮೌಸ್ ಕೂಡ ಎಳೆದಂತೆ ಚಲಿಸುತ್ತದೆ.
– ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಆ 40 ಎಂಬುದು ಪ್ರತಿ ಕೋರ್‌ಗೂ ಬೇರೆ ಬೇರೆಯಾಗಿ ಅನ್ವಯಿಸುತ್ತದಮ್ಮ. ಎರಡು ಕೋರ್ ಸೇರಿದರೂ ನಿನ್ನ ಉಬುಂಟುಗೆ ಸಿಗುವುದು ಒಂದು ಪೂರ್ತಿ ಕೋರ್‌ಗಿಂತ ಕಡಿಮೆ. ಇಂಥ ಮಿತಿಯಿಂದ ಒಳಗಿನ ಮಷೀನ್‌ನ ಸಮಯಪಾಲನೆಯೂ ಹದಗೆಡಬಹುದು. ಅದನ್ನು 100ಕ್ಕೇ ಏರಿಸು. ಫ್ಯಾನ್‌ಗೆ ಮದ್ದು ಬೇರೆ ಕಡೆ ಇದೆ: ಲ್ಯಾಪ್‌ಟಾಪ್‌ನಲ್ಲಿರುವುದು ವಿಂಡೋಸ್ ಆದರೆ ಅದರ ಪವರ್ ಆಯ್ಕೆಗಳಲ್ಲಿ ಪ್ರೊಸೆಸರ್‌ನ ಗರಿಷ್ಠ ಸ್ಥಿತಿ 100 ಎಂದಿರುವುದನ್ನು 99 ಮಾಡು. ಅಷ್ಟಕ್ಕೇ ಸಾಮಾನ್ಯವಾಗಿ ಪ್ರೊಸೆಸರ್ ತಾನಾಗಿ ಏರಿಸಿಕೊಳ್ಳುವ ಟರ್ಬೊ ವೇಗ ನಿಲ್ಲುತ್ತದೆ, ಬಿಸಿಯೂ ಇಳಿಯುತ್ತದೆ. ಉಬುಂಟುವನ್ನು ತೆರೆದ ಮೊದಲ ಹತ್ತು ನಿಮಿಷ ಅದು ಹಿನ್ನೆಲೆಯಲ್ಲಿ ಅಪ್‌ಡೇಟ್ ಹುಡುಕುತ್ತಿರುತ್ತದೆ; ಆ ಅಬ್ಬರವನ್ನು ಸಹಿಸಿಕೊ, ಚಹಾ ಕುಡಿದು ಬಾ.

ಪ್ರಶ್ನೆ: ಅಮೆಜಾನ್‌ನ ಕ್ಲೌಡ್‌ನಲ್ಲಿ ಟಿ2 ಮೈಕ್ರೋ ಎಂಬ ಸಣ್ಣ ವರ್ಚುವಲ್ ಮಷೀನ್ ಬಾಡಿಗೆಗೆ ಪಡೆದಿದ್ದೇನೆ. ಬೆಳಿಗ್ಗೆ ಚುರುಕು, ಮಧ್ಯಾಹ್ನ ಜಡ. ನಾನಂತೂ ಯಾವ ಮಿತಿಯನ್ನೂ ಹಾಕಿಲ್ಲ.
– ಓದುಗರು, ಮಂಗಳೂರು

ಉತ್ತರ: ನೀವು ಹಾಕಿಲ್ಲ, ಆ ದರದ ಷರತ್ತಿನಲ್ಲೇ ಮಿತಿ ಇದೆ. ಟಿ2 ಮೈಕ್ರೋಗೆ ಗಂಟೆಗೆ ಆರು ಕ್ರೆಡಿಟ್ ಜಮೆಯಾಗುತ್ತದೆ. ಒಂದು ಕ್ರೆಡಿಟ್ ಎಂದರೆ ಒಂದು ಕೋರ್ ಪೂರ್ತಿಯಾಗಿ ಒಂದು ನಿಮಿಷ. ಅಂದರೆ ಸದಾ ಸಿಗುವುದು ಶೇ 10 ಮಾತ್ರ. ರಾತ್ರಿ ಕೂಡಿಟ್ಟದ್ದನ್ನು ಬೆಳಿಗ್ಗೆ ಖರ್ಚು ಮಾಡುತ್ತೀರಿ, ಮಧ್ಯಾಹ್ನಕ್ಕೆ ಜೇಬು ಬರಿದಾಗುತ್ತದೆ. ಅಮೆಜಾನ್‌ನ ನಿಗಾ ಸೇವೆಯಾದ ಕ್ಲೌಡ್‌ವಾಚ್‌ನಲ್ಲಿ ಸಿಪಿಯು ಕ್ರೆಡಿಟ್ ಬ್ಯಾಲೆನ್ಸ್ ನಕ್ಷೆಯನ್ನು ಒಂದು ವಾರ ಗಮನಿಸಿ. ದಿನವೂ ಅದೇ ಹೊತ್ತಿಗೆ ಅದು ಸೊನ್ನೆ ಮುಟ್ಟುತ್ತಿದ್ದರೆ ಒಂದು ಮೆಟ್ಟಿಲು ದೊಡ್ಡ ಮಷೀನ್ ತೆಗೆದುಕೊಳ್ಳಿ. ಮಧ್ಯಾಹ್ನದ ಬ್ಯಾಕಪ್ ನಿಮ್ಮದೇ ಆಗಿದ್ದರೆ ಅದನ್ನು ನಡುರಾತ್ರಿಗೆ ತಳ್ಳಿ ನೋಡಿ, ಖರ್ಚಿಲ್ಲದ ಕೆಲಸ.